ಒಂದಿಷ್ಟು ಜಗಳ ಇರಲಿ

ಹುಬ್ಬಳ್ಳಿ, ದಾವಣಗೆರೆ ಕಡೆಯಿಂದ ರಾತ್ರಿ ಬಸ್ಸು ಹತ್ತಿದವರಿಗೆ ಬೆಂಗಳೂರು ಶುರುವಾಗುವುದು ಮೆಜೆಸ್ಟಿಕ್ಕಿನಲ್ಲಲ್ಲ, ಗೊರಗುಂಟೆಪಾಳ್ಯದಲ್ಲಿ. ಬೆಳಗಿನ ಜಾವ ಕಂಡಕ್ಟರ್ ಸ್ಟಾಪಿನ ಹೆಸರು ಕೂಗಿದ್ದೇ ತಡ, ಅರ್ಧ ಬಸ್ಸು ಖಾಲಿ. ಇಳಿದವರಲ್ಲಿ ಹೆಚ್ಚಿನವರು ಪೀಣ್ಯದ ಫ್ಯಾಕ್ಟರಿಗೋ, ಯಶವಂತಪುರದ ಯಾರ್ಡಿಗೋ, ನೆಂಟರ ಮನೆಗೋ ಹೊರಟವರು. ಕೆಲವರ ಕಂಕುಳಲ್ಲಿ ಮಾತ್ರ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಫೈಲು, ಜೊತೆಗೆ ಮಾಸ್ಕ್ ಹಾಕಿದ ಒಂದು ಮಗು. ಅವರು ದೂರ ಹೋಗಬೇಕಿಲ್ಲ. ಗೊರಗುಂಟೆಪಾಳ್ಯದಿಂದ ಯಶವಂತಪುರ, ಹೆಬ್ಬಾಳದ ತನಕ ನಗರದ ಈ ಉತ್ತರ ಅಂಚಿನಲ್ಲಿ ದೊಡ್ಡ ಆಸ್ಪತ್ರೆಗಳು ಒಂದರ ಹಿಂದೊಂದು ಎದ್ದಿವೆ.

ಅವುಗಳಲ್ಲೊಂದು ತುಮಕೂರು ರಸ್ತೆಯ ಪೀಪಲ್ ಟ್ರೀ ಆಸ್ಪತ್ರೆ. ಕಳೆದ ದಶಕದ ನಡುಭಾಗದಲ್ಲಿ ಇಲ್ಲಿ ಮಕ್ಕಳ ಅಸ್ಥಿಮಜ್ಜೆ ಕಸಿಗೆಂದೇ ಒಂದು ಘಟಕ ತೆರೆಯಿತು. ರಕ್ತದಾನದ ಕೆಲಸದಿಂದ ಹೆಸರಾದ ಬೆಂಗಳೂರಿನ ಸಂಕಲ್ಪ್ ಇಂಡಿಯಾ ಫೌಂಡೇಶನ್ ಆಸ್ಪತ್ರೆಯ ಜೊತೆ ಸೇರಿ ಕಟ್ಟಿದ ಘಟಕ ಅದು. ಬೆನ್ನಿಗೆ ಇಟಲಿಯ ಫ್ಲಾರೆನ್ಸ್ ನಗರದ ಕ್ಯೂರ್ ಟು ಚಿಲ್ಡ್ರನ್ ಸಂಸ್ಥೆಯ ವೈದ್ಯರ ಮಾರ್ಗದರ್ಶನ. ಅಲ್ಲಿಗೆ ಬರುತ್ತಿದ್ದವರಲ್ಲಿ ಬಹುಪಾಲು ತಲಸ್ಸೀಮಿಯಾ ಮಕ್ಕಳು. ಸರಿಯಾದ ಹಿಮೋಗ್ಲೋಬಿನ್ ತಯಾರಿಸಲಾಗದ ಮೈ, ಮೂರು ನಾಲ್ಕು ವಾರಕ್ಕೊಮ್ಮೆ ರಕ್ತ ಏರಿಸಿಕೊಂಡೇ ಬದುಕಬೇಕಾದ ಜೀವ. ಸಂಕಲ್ಪ್‌ನ ಕೆಲಸ ಆಮೇಲೆ ವಸಂತನಗರದ ಭಗವಾನ್ ಮಹಾವೀರ್ ಜೈನ್ ಆಸ್ಪತ್ರೆಯಲ್ಲೂ ಬೆಳೆಯಿತು. ಅಲ್ಲಿನ ಕೇಂದ್ರದ ಹೆಸರಿನಲ್ಲೇ ಮಕ್ಕಳ ರಕ್ತರೋಗ, ಕ್ಯಾನ್ಸರ್, ಕಸಿ ಮೂರೂ ಇವೆ.

ಮಕ್ಕಳ ಕ್ಯಾನ್ಸರಿನ ಬಗ್ಗೆ ಬರೆಯಹೊರಟವನು ತಲಸ್ಸೀಮಿಯಾದ ಬಾಗಿಲಿನಿಂದ ಒಳಬರಲು ಕಾರಣವಿದೆ. ಒಂದೇ ವಾರ್ಡಿನ ಅಕ್ಕಪಕ್ಕದ ಕೋಣೆಗಳಲ್ಲಿ ಇಬ್ಬರು ಮಕ್ಕಳಿದ್ದಾರೆಂದುಕೊಳ್ಳಿ. ಒಬ್ಬನಿಗೆ ತಲಸ್ಸೀಮಿಯಾ, ಇನ್ನೊಬ್ಬಳಿಗೆ ಒಮ್ಮೆ ವಾಸಿಯಾಗಿ ಮತ್ತೆ ಮರಳಿದ ರಕ್ತ ಕ್ಯಾನ್ಸರ್. ಇಬ್ಬರಿಗೂ ಅದೇ ಬಗೆಯ ಕೋಣೆ, ಅದೇ ಕುತ್ತಿಗೆಯ ಕೆಳಗಿನ ಪೈಪು, ಹೆಚ್ಚುಕಡಿಮೆ ಅದೇ ಔಷಧಿಗಳು, ಒಡಹುಟ್ಟಿದವರ ಮಜ್ಜೆಯ ಅದೇ ಕೆಂಪು ಚೀಲ. ಆದರೆ ಒಳಗೆ ಹೋದ ಆ ಹೊಸ ಕೋಶಗಳಿಂದ ವೈದ್ಯರು ಬಯಸುವುದು ಒಂದು ಕೋಣೆಯಲ್ಲಿ ಒಂದು, ಇನ್ನೊಂದರಲ್ಲಿ ಅದಕ್ಕೆ ವಿರುದ್ಧವಾದದ್ದು. ಹುಡುಗನ ಮೈಯಲ್ಲಿ ಅವು ತಣ್ಣಗೆ ಕೂತು ರಕ್ತ ತಯಾರಿಸಿದರೆ ಸಾಕು. ಹುಡುಗಿಯ ಮೈಯಲ್ಲಿ ಅವು ಒಂದಿಷ್ಟು ಜಗಳ ತೆಗೆಯಬೇಕು. ಜಗಳವೇ ಇಲ್ಲದಿದ್ದರೆ ಕ್ಯಾನ್ಸರ್ ಮರಳೀತು. ಜಗಳ ಮಿತಿಮೀರಿದರೆ ಮಗುವಿನ ಜೀವಕ್ಕೇ ಕುತ್ತು.

ಮೊದಲು ಕಸಿ ಹೇಗೆ ನಡೆಯುತ್ತದೆಂದು ನೋಡೋಣ. ಆಪರೇಷನ್ ಎಂದುಕೊಂಡು ಬರುವ ಪೋಷಕರಿಗೆ ಅದು ತೀರಾ ಸಪ್ಪೆಯಾಗಿ ಕಾಣುತ್ತದೆ. ಆಪರೇಷನ್ ಥಿಯೇಟರಿಗೆ ಹೋಗುವುದು ದಾನಿಯೇ ಹೊರತು ರೋಗಿಯಲ್ಲ. ದಾನಿಗೆ ಅರಿವಳಿಕೆ ಕೊಟ್ಟು, ಸೊಂಟದ ಹಿಂಬದಿಯ ಮೂಳೆಗೆ ಸೂಜಿ ಚುಚ್ಚಿ ಮಜ್ಜೆ ಹೀರುತ್ತಾರೆ; ರೋಗಿಯ ತೂಕದ ಪ್ರತಿ ಕಿಲೋಗೆ 10ರಿಂದ 20 ಮಿಲಿಲೀಟರ್. ಎರಡು ಮೂರು ದಿನ ಸೊಂಟ ನೋಯುತ್ತದೆ, ಹೋದ ಮಜ್ಜೆ ಕೆಲವೇ ವಾರಗಳಲ್ಲಿ ಮತ್ತೆ ತುಂಬಿಕೊಳ್ಳುತ್ತದೆ. ಅತ್ತ ರೋಗಿಯ ಕೋಣೆಯಲ್ಲಿ ಆ ಚೀಲವನ್ನು ಸ್ಟ್ಯಾಂಡಿಗೆ ನೇತುಹಾಕಿ ರಕ್ತ ಕೊಟ್ಟ ಹಾಗೆ ಕೊಡುತ್ತಾರೆ. ಕೆಲವು ಗಂಟೆಗಳ ಕೆಲಸ. ಸ್ಟೆಮ್ ಸೆಲ್‌ಗಳು ರಕ್ತದಲ್ಲಿ ಅಲೆದು, ಮೂಳೆಯೊಳಗಿನ ತಮ್ಮ ಜಾಗವನ್ನು ತಾವೇ ಹುಡುಕಿಕೊಂಡು ಹೋಗಿ ಕೂರುತ್ತವೆ. ಆ ದಿನವನ್ನು ವಾರ್ಡಿನಲ್ಲಿ ‘ಡೇ ಜೀರೋ’ ಎನ್ನುತ್ತಾರೆ. ಅಲ್ಲಿಂದ ಮುಂದೆ ಆ ಮನೆಯವರಿಗೆ ತಾರೀಖು, ವಾರ ಮರೆತೇಹೋಗುತ್ತವೆ. ಡೇ ಏಳು, ಡೇ ಹದಿನಾಲ್ಕು, ಡೇ ನೂರು, ಇಷ್ಟೇ ಲೆಕ್ಕ.

ಕಷ್ಟವೆಲ್ಲ ಅದರ ಹಿಂದೆ ಮುಂದೆ ಇದೆ. ಡೇ ಜೀರೋಗೆ ಮುಂಚಿನ ಒಂದು ವಾರದಲ್ಲಿ ಬುಸಲ್ಫಾನ್, ಫ್ಲೂಡಾರಬಿನ್, ಟ್ರಿಯೋಸಲ್ಫಾನ್‌ನಂಥ ಔಷಧಿ ಕೊಟ್ಟು, ಇಲ್ಲವೇ ಇಡೀ ಮೈಗೆ ವಿಕಿರಣ ಹಾಯಿಸಿ ಮಗುವಿನ ಹಳೆಯ ಮಜ್ಜೆಯನ್ನು ಅಳಿಸಿಹಾಕುತ್ತಾರೆ. ಮೊಲದ ರಕ್ತದಿಂದ ತಯಾರಿಸಿದ ಎಟಿಜಿ ಎಂಬ ಔಷಧಿಯೊಂದು ಪರಕೀಯವಾದದ್ದರ ಮೇಲೆ ಎರಗುವ ಮಗುವಿನ ಹಳೆಯ ಟಿ ಕೋಶಗಳನ್ನು ತೆಗೆಯುತ್ತದೆ, ಇಲ್ಲದಿದ್ದರೆ ಅವು ಹೊಸ ಮಜ್ಜೆಯನ್ನೇ ಹೊರದಬ್ಬಿಯಾವು. ಕೀಮೋ ಮುಗಿದ ಕೆಲವು ದಿನಗಳಲ್ಲಿ ಬಾಯಿಯಿಂದ ಕರುಳಿನ ತನಕ ಒಳಪದರ ಕಿತ್ತುಬರುತ್ತದೆ, ಎಂಜಲು ನುಂಗಿದರೂ ಉರಿ. ಬಿಳಿ ರಕ್ತಕಣಗಳ ಕೌಂಟು ಸೊನ್ನೆಗೆ ಇಳಿಯುತ್ತದೆ. ಎರಡು ಮೂರು ವಾರ ಮಗುವಿಗೆ ತನ್ನದೆಂಬ ರಕ್ಷಣೆ ಏನೂ ಇರುವುದಿಲ್ಲ. ಸೋಸಿದ ಗಾಳಿಯ ಕೋಣೆ, ಕುಕ್ಕರಿನಲ್ಲಿ ಬೇಯಿಸಿ ಆಗಷ್ಟೇ ಮುಚ್ಚಳ ತೆಗೆದ ಅನ್ನ, ಒಬ್ಬರೇ ಜೊತೆಗಾರರು. ಹೆಚ್ಚಿನ ಕೋಣೆಗಳಲ್ಲಿ ಅದು ತಾಯಿ. ಮಜ್ಜೆ ಕೂತಿತೆನ್ನುವುದಕ್ಕೆ ಮೊದಲ ಗುರುತು, ನ್ಯೂಟ್ರೋಫಿಲ್ ಕಣಗಳು ಮೂರು ದಿನ ಸತತವಾಗಿ 500 ದಾಟುವುದು. ‘ಕೌಂಟ್ ಬಂತು’ ಎನ್ನುವುದು ಆ ಕಾರಿಡಾರಿನಲ್ಲಿ ಹಬ್ಬದ ಮಾತು.

ನಮ್ಮ ದೇಶದ ಘಟಕಗಳಲ್ಲಿ ಈ ವಾರಗಳ ದೊಡ್ಡ ಭಯ ಬ್ಯಾಕ್ಟೀರಿಯಾ. ಹೊರದೇಶಗಳ ಪಠ್ಯಪುಸ್ತಕದಲ್ಲಿ ಬರೆದ ಆಂಟಿಬಯಾಟಿಕ್ ಇಲ್ಲಿ ನಾಟುವುದೇ ಇಲ್ಲ ಎನ್ನುವಷ್ಟು ಮದ್ದಿಗೆ ಬಗ್ಗದ ತಳಿಗಳು ಮಗುವಿನ ಕರುಳಿನಲ್ಲೇ ಮನೆಮಾಡಿಕೊಂಡಿರುತ್ತವೆ. ಶೀತಕ್ಕೂ ಜ್ವರಕ್ಕೂ ಮೆಡಿಕಲ್ ಶಾಪಿನಿಂದ ಚೀಟಿಯಿಲ್ಲದೆ ತಂದು ನುಂಗಿದ ಮಾತ್ರೆಗಳ ಸಾಲವನ್ನು ಇಲ್ಲಿ ಈ ಮಕ್ಕಳು ತೀರಿಸುತ್ತಿದ್ದಾರೆ. ಇದು ನನ್ನ ಮಾತಲ್ಲ, ಯಾವ ಕಸಿ ವೈದ್ಯರನ್ನು ಕೇಳಿದರೂ ಇದೇ ಮೊದಲು ಬರುತ್ತದೆ.

ಈಗ ದಾನಿಯ ಪ್ರಶ್ನೆ. ಆರನೇ ವರ್ಣತಂತುವಿನ ಮೇಲಿರುವ ಎಚ್‌ಎಲ್‌ಎ ಎಂಬ ವಂಶವಾಹಿಗಳ ಗುಂಪು ನಮ್ಮ ಹೆಚ್ಚುಕಡಿಮೆ ಪ್ರತಿಯೊಂದು ಕೋಶದ ಮೇಲೂ ಗುರುತು ಒತ್ತಿರುತ್ತದೆ. ಅರ್ಧ ತಂದೆಯಿಂದ, ಅರ್ಧ ತಾಯಿಯಿಂದ ಬಂದದ್ದು. ಹಾಗಾಗಿ ಒಡಹುಟ್ಟಿದ ಒಬ್ಬರ ಜೊತೆ ಪೂರ್ತಿ ಹೊಂದಿಕೆಯಾಗುವ ಸಾಧ್ಯತೆ ನಾಲ್ಕರಲ್ಲಿ ಒಂದು. ಆರತಿಗೊಬ್ಬಳು, ಕೀರ್ತಿಗೊಬ್ಬ ಎನ್ನುವ ಮನೆಯಲ್ಲಿ ಈ ಲೆಕ್ಕ ಬಡವಾಗುತ್ತದೆ. ಕೆನ್ನೆಯ ಒಳಬದಿಗೆ ಹತ್ತಿಯ ಕಡ್ಡಿ ಸವರಿದರೆ ಪರೀಕ್ಷೆಗೆ ಸಾಕು. ಜರ್ಮನಿಯ ಡಿಕೆಎಂಎಸ್ ಸಂಸ್ಥೆ ಭಾರತದ ತಲಸ್ಸೀಮಿಯಾ ಕುಟುಂಬಗಳ ಇಂಥ ಕಡ್ಡಿಗಳನ್ನು ಶಿಬಿರಗಳಲ್ಲಿ ಸಂಗ್ರಹಿಸಿ ಡ್ರೆಸ್ಡೆನ್‌ನ ತನ್ನ ಪ್ರಯೋಗಾಲಯದಲ್ಲಿ ಉಚಿತವಾಗಿ ಪರೀಕ್ಷಿಸಿ ಕೊಡುತ್ತ ಬಂದಿದೆ. ‘ಅಣ್ಣಂದು ಮ್ಯಾಚ್ ಆಗಿದೆ’ ಎಂಬ ಒಂದು ಸಾಲು ಡ್ರೆಸ್ಡೆನ್‌ನಿಂದ ರಾಯಚೂರಿಗೆ ಬರುತ್ತದೆ.

ಇಲ್ಲಿ ಕರ್ನಾಟಕದ್ದೇ ಆದ ಒಂದು ಗಂಟಿದೆ. ಯಶವಂತಪುರಕ್ಕೆ ಅಂಟಿಕೊಂಡೇ ಇರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜೀವರಸಾಯನ ವಿಜ್ಞಾನಿ ಎನ್. ಅಪ್ಪಾಜಿ ರಾವ್ ಅವರು 1980ರ ದಶಕದಲ್ಲಿ ಬೆಂಗಳೂರು, ಮೈಸೂರಿನ ಆಸ್ಪತ್ರೆಗಳಲ್ಲಿ ಹುಟ್ಟಿದ ಶಿಶುಗಳ ರಕ್ತ ತಪಾಸಣೆಯ ದೊಡ್ಡ ಯೋಜನೆಯೊಂದನ್ನು ನಡೆಸಿದರು. ತಳಿವಿಜ್ಞಾನಿ ಅಲನ್ ಬಿಟಲ್ಸ್ ಜೊತೆ ಅದೇ ಮಾಹಿತಿಯಿಂದ ಲಕ್ಷಕ್ಕೂ ಹೆಚ್ಚು ದಂಪತಿಗಳ ಮದುವೆಯ ಸಂಬಂಧವನ್ನು ನೋಡಿದಾಗ ಸುಮಾರು ಮೂರರಲ್ಲಿ ಒಂದು ರಕ್ತಸಂಬಂಧದ ಮದುವೆ ಎಂದು ತಿಳಿಯಿತು: ಸೋದರಮಾವ, ಅತ್ತೆಯ ಮಗ, ಮಾವನ ಮಗಳು. ತಲಸ್ಸೀಮಿಯಾದಂಥ, ಎರಡೂ ಕಡೆಯಿಂದ ದೋಷ ಬಂದರೆ ಮಾತ್ರ ಕಾಣಿಸಿಕೊಳ್ಳುವ ಕಾಯಿಲೆಗಳಿಗೆ ಇಂಥ ಮದುವೆ ದಾರಿಮಾಡಿಕೊಡುತ್ತದೆ. ಅದೇ ಮದುವೆ ಎಚ್‌ಎಲ್‌ಎ ವಿಷಯದಲ್ಲಿ ಉಪಕಾರಕ್ಕೂ ಬರುತ್ತದೆ. ಗಂಡ ಹೆಂಡತಿ ಇಬ್ಬರೂ ಒಂದೇ ಅಜ್ಜಿಯಿಂದ ಒಂದೇ ಗುರುತಿನ ತುಂಡನ್ನು ಪಡೆದಿದ್ದರೆ ಮಗುವಿಗೆ ಅಪ್ಪನೋ ಅಮ್ಮನೋ, ಕೆಲವೊಮ್ಮೆ ಚಿಕ್ಕಪ್ಪನೋ ಪೂರ್ತಿ ಹೊಂದಿಬಿಡಬಹುದು. ಆದ್ದರಿಂದ ಇಲ್ಲಿನ ವೈದ್ಯರು ಒಡಹುಟ್ಟಿದವರು ಹೊಂದಲಿಲ್ಲವೆಂದು ಅಲ್ಲಿಗೇ ಬಿಡದೆ ‘ನೀವಿಬ್ಬರೂ ಸಂಬಂಧದಲ್ಲೇ ಮದುವೆ ಆದದ್ದಾ?’ ಎಂದು ಕೇಳುತ್ತಾರೆ. ಕಾಯಿಲೆ ಹೇಳುವಾಗ ಬೈಗುಳದಂತೆ ಕೇಳಿಸಿದ್ದ ಪ್ರಶ್ನೆ ಆಗ ಬೇರೆಯೇ ಅರ್ಥದಲ್ಲಿ ಬರುತ್ತದೆ.

ಹಾಗಾದರೆ ಹೊಂದಿಕೆ ಹೆಚ್ಚಿದಷ್ಟೂ ಒಳ್ಳೆಯದು, ನೂರಕ್ಕೆ ನೂರು ಹೊಂದುವ ಅವಳಿಯ ಮಜ್ಜೆ ಸಿಕ್ಕರೆ ಅದಕ್ಕಿಂತ ಭಾಗ್ಯವಿಲ್ಲ ಎನಿಸುತ್ತದಲ್ಲವೇ? ತಲಸ್ಸೀಮಿಯಾದಲ್ಲಿ ಅವಳಿಯಿಂದ ಉಪಯೋಗವೇ ಇಲ್ಲ, ಅವನಿಗೂ ಅದೇ ಕಾಯಿಲೆ ಇರುತ್ತದೆ. ರಕ್ತ ಕ್ಯಾನ್ಸರಿನಲ್ಲಿ ಅವಳಿಯ ಕಥೆ ಇನ್ನೂ ಕುತೂಹಲದ್ದು, ಈ ಇಡೀ ವಿದ್ಯೆಯ ದಿಕ್ಕು ಬದಲಿಸಿದ್ದು.

1950ರ ದಶಕದ ಕೊನೆಯಲ್ಲಿ ಅಮೆರಿಕದ ವೈದ್ಯ ಡೊನಾಲ್ ಥಾಮಸ್ ಲ್ಯುಕೇಮಿಯಾ ಎಂಬ ರಕ್ತ ಕ್ಯಾನ್ಸರಿನ ರೋಗಿಗಳಿಗೆ ಭಾರೀ ವಿಕಿರಣ ಕೊಟ್ಟು ಅವರ ಅವಳಿಗಳ ಮಜ್ಜೆ ಹಾಕಿದರು. ಮಜ್ಜೆ ಚೆನ್ನಾಗಿಯೇ ಕೂತಿತು. ಕೆಲವೇ ತಿಂಗಳುಗಳಲ್ಲಿ ಕ್ಯಾನ್ಸರ್ ಮರಳಿತು. ಅದೇ ಹೊತ್ತಿಗೆ, 1956ರಲ್ಲಿ, ಇಂಗ್ಲೆಂಡಿನ ಹಾರ್ವೆಲ್‌ನಲ್ಲಿ ಬಾರ್ನ್ಸ್ ಮತ್ತು ಲೌಟಿಟ್ ಎಂಬಿಬ್ಬರು ಲ್ಯುಕೇಮಿಯಾ ಬಂದ ಇಲಿಗಳ ಮೇಲೆ ಪ್ರಯೋಗ ಮಾಡಿದ್ದರು. ತಮ್ಮದೇ ತಳಿಯ ಮಜ್ಜೆ ಪಡೆದ ಇಲಿಗಳು ಮತ್ತೆ ಲ್ಯುಕೇಮಿಯಾದಿಂದ ಸತ್ತವು. ಬೇರೆ ತಳಿಯ ಮಜ್ಜೆ ಪಡೆದವು ಲ್ಯುಕೇಮಿಯಾದಿಂದ ಪಾರಾದವು, ಆದರೆ ಸೊರಗಿ, ಭೇದಿಯಾಗಿ ಬೇರೆ ಯಾವುದೋ ಕಾಯಿಲೆಯಿಂದ ಸತ್ತವು. ಒಂದೇ ಪುಟ್ಟ ಪ್ರಯೋಗದೊಳಗೆ ಮುಂದಿನ ಐವತ್ತು ವರ್ಷದ ತಲೆನೋವು ಪೂರ್ತಿಯಾಗಿ ಇತ್ತು.

ಆ ‘ಬೇರೆ ಕಾಯಿಲೆ’ಗೆ ಈಗ ಜಿವಿಎಚ್‌ಡಿ ಎಂದು ಹೆಸರು. ದಾನಿಯ ಮಜ್ಜೆಯೊಂದಿಗೆ ಬಂದ ಟಿ ಕೋಶಗಳು ಕಣ್ಣುಬಿಟ್ಟು ನೋಡಿದರೆ ಇಡೀ ಮೈ ಪರಕೀಯ. ಬೀಗರು ಮನೆಗೆ ಬಂದು ಪ್ರತಿಯೊಂದರಲ್ಲೂ ಕೊಂಕು ತೆಗೆದ ಹಾಗೆ ಅವು ಮೊದಲು ಚರ್ಮದ ತಗಾದೆ ತೆಗೆಯುತ್ತವೆ, ಆಮೇಲೆ ಕರುಳು, ಆಮೇಲೆ ಯಕೃತ್ತು. ಅಂಗೈ, ಅಂಗಾಲು, ಕಿವಿಯ ಅಂಚು ಕೆಂಪೇರುತ್ತವೆ, ನೀರಿನಂಥ ಭೇದಿ ದಿನಕ್ಕೆ ಲೀಟರುಗಟ್ಟಲೆ ಆಗಬಹುದು, ಕಣ್ಣು ಹಳದಿಯಾಗುತ್ತದೆ. ಎಚ್‌ಎಲ್‌ಎ ಪೂರ್ತಿ ಹೊಂದಿದ ಅಣ್ಣ ತಂಗಿಯರ ನಡುವೆಯೂ ಇದು ನಡೆಯುತ್ತದೆ, ಏಕೆಂದರೆ ಎಚ್‌ಎಲ್‌ಎ ಒಂದೇ ಆದರೂ ಅದರ ಹೊರಗೆ ಸಾವಿರಾರು ಸಣ್ಣ ವ್ಯತ್ಯಾಸಗಳು ಉಳಿದಿರುತ್ತವೆ. ತಂಗಿಯ ಮಜ್ಜೆ ಅಣ್ಣನ ಮೈಗೆ ಹೋದರೆ, ಆ ಕೋಶಗಳು ಹಿಂದೆಂದೂ ಕಂಡಿರದ ವೈ ವರ್ಣತಂತುವಿನ ಪ್ರೋಟೀನುಗಳೇ ಒಂದು ನೆವ.

1970ರ ದಶಕದ ಕೊನೆಯಲ್ಲಿ ಸಿಯಾಟಲ್‌ನ ಥಾಮಸ್ ತಂಡ ಒಂದು ವಿಚಿತ್ರ ಕಂಡಿತು. ಜಿವಿಎಚ್‌ಡಿ ಅನುಭವಿಸಿ ಬದುಕುಳಿದವರಲ್ಲಿ ಲ್ಯುಕೇಮಿಯಾ ಮರಳುವುದು ಕಡಿಮೆ. ವೈದ್ಯರು ಜಗಳಗಂಟ ಟಿ ಕೋಶಗಳನ್ನು ಮಜ್ಜೆಯಿಂದ ಮೊದಲೇ ಸೋಸಿ ತೆಗೆದು ಕೊಟ್ಟು ನೋಡಿದರು. ಜಿವಿಎಚ್‌ಡಿ ನಿಂತಿತು, ಲ್ಯುಕೇಮಿಯಾ ಹೆಚ್ಚಾಗಿ ಮರಳಿತು. 1990ರಲ್ಲಿ ಮೇರಿ ಹೊರೊವಿಟ್ಜ್ ಮತ್ತು ಜೊತೆಗಾರರು ಅಂತಾರಾಷ್ಟ್ರೀಯ ದಾಖಲೆಯಿಂದ 2,254 ರೋಗಿಗಳ ಲೆಕ್ಕ ತೆಗೆದರು. ಒಡಹುಟ್ಟಿದವರ ಮಜ್ಜೆ ಪಡೆದು ಜಿವಿಎಚ್‌ಡಿ ಕಂಡವರಲ್ಲಿ ಕಾಯಿಲೆ ಮರಳಿದ್ದು ಎಲ್ಲರಿಗಿಂತ ಕಡಿಮೆ. ಅವಳಿಯ ಮಜ್ಜೆ ಪಡೆದವರಲ್ಲಿ, ಟಿ ಕೋಶ ಸೋಸಿದವರಲ್ಲಿ ಹೆಚ್ಚು. ಅಲ್ಲಿಯವರೆಗೆ ಭಾರೀ ಕೀಮೋ ಮತ್ತು ವಿಕಿರಣವೇ ಕ್ಯಾನ್ಸರ್ ಕೊಲ್ಲುವುದು, ಮಜ್ಜೆ ಬರೀ ಆ ಹಾನಿ ತುಂಬಿಕೊಡಲು ಎಂಬ ನಂಬಿಕೆಯಿತ್ತು. ಲೆಕ್ಕ ಹೇಳಿದ್ದು, ಔಷಧಿಯ ಒಂದು ಪಾಲು ಆ ಕೆಂಪು ಚೀಲದಲ್ಲೇ ಇದೆ ಎಂದು. ಅದೇ ವರ್ಷ ಥಾಮಸ್ ಅವರಿಗೆ ನೊಬೆಲ್ ಬಂತು. ಅದೇ ವರ್ಷ ಮ್ಯೂನಿಕ್‌ನ ಹಾನ್ಸ್ ಕೋಲ್ಬ್, ಕಸಿಯ ನಂತರ ಕ್ಯಾನ್ಸರ್ ಮರಳಿದ ರೋಗಿಗಳಿಗೆ ದಾನಿಯ ಲಿಂಫೋಸೈಟು ಎಂಬ ಬಿಳಿ ರಕ್ತಕಣಗಳನ್ನು ಮತ್ತೊಮ್ಮೆ ಕೊಟ್ಟು ಕಾಯಿಲೆ ಹಿಮ್ಮೆಟ್ಟಿದ್ದನ್ನು ವರದಿಮಾಡಿದರು. ಕಸಿಯ ಹಿಂದಿನ ತರ್ಕವೇ ತಿರುಗಿನಿಂತ ವರ್ಷವದು.

ಭಾರತದ ಮೊದಲ ಕಸಿಯೂ ಒಂದು ಮಗುವಿಗೇ ಆದದ್ದು. 1983ರ ಮಾರ್ಚ್ 20ರಂದು ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ, ಥಾಮಸ್ ಅವರ ಬಳಿ ಕಲಿತು ಬಂದಿದ್ದ ಡಾ. ಸುರೇಶ್ ಅಡ್ವಾಣಿ, ಒಂಬತ್ತು ವರ್ಷದ ಹುಡುಗಿಗೆ ಅವಳ ಅಣ್ಣನ ಮಜ್ಜೆ ಹಾಕಿದರು. ಅವಳದು ಮೈಲಾಯ್ಡ್ ಬಗೆಯ ರಕ್ತ ಕ್ಯಾನ್ಸರ್. ಬಾಲ್ಯದಲ್ಲೇ ಪೋಲಿಯೊ ತಗಲಿದ್ದ ಅಡ್ವಾಣಿ ಗಾಲಿಕುರ್ಚಿಯಲ್ಲೇ ವಾರ್ಡು ಸುತ್ತಿದವರು. ನಮ್ಮ ಕಡೆಯ ಮಕ್ಕಳು ಆಮೇಲೆ ವರ್ಷಗಟ್ಟಲೆ ವೆಲ್ಲೂರಿನ ರೈಲು ಹತ್ತುತ್ತಿದ್ದರು. ಅಲ್ಲಿನ ಸಿಎಂಸಿ ಆಸ್ಪತ್ರೆಯಲ್ಲಿ 1986ರಲ್ಲಿ ಡಾ. ಮಾಮ್ಮೆನ್ ಚಾಂಡಿ ಕಸಿ ಶುರುಮಾಡಿದ್ದರು. ಈಗ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲೇ ಸರ್ಕಾರಿ ಘಟಕವಿದೆ, ಖಾಸಗಿಯವು ನಾಲ್ಕು ದಿಕ್ಕಿಗೂ ಇವೆ.

ಜಗಳ ಎಷ್ಟು ಬೇಕೆಂಬುದನ್ನು ವೈದ್ಯರು ಹೇಗೆ ಅಳೆಯುತ್ತಾರೆ, ಹೇಗೆ ತಿದ್ದುತ್ತಾರೆ ಎನ್ನುವಲ್ಲಿ ನಮ್ಮ ಎರಡು ಕೋಣೆಗಳ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಇಬ್ಬರಿಗೂ ಸೈಕ್ಲೋಸ್ಪೋರಿನ್ ಎಂಬ, ಟಿ ಕೋಶಗಳನ್ನು ಮಂಕಾಗಿಸುವ ಔಷಧಿ ಕೊಡುತ್ತಾರೆ. ನಾರ್ವೆಯ ಹಾರ್ಡಂಗರ್ ಪ್ರಸ್ಥಭೂಮಿಯ ಹಿಡಿ ಮಣ್ಣಿನಲ್ಲಿದ್ದ ಬೂಷ್ಟಿನಿಂದ ಬಂದ ಔಷಧಿ ಅದು. ತಲಸ್ಸೀಮಿಯಾ ಹುಡುಗನಿಗೆ ಅದನ್ನು ಆರು ತಿಂಗಳಿಂದ ವರ್ಷದ ತನಕ ಅವಸರವಿಲ್ಲದೆ ಮುಂದುವರಿಸುತ್ತಾರೆ. ಜಿವಿಎಚ್‌ಡಿಯಿಂದ ಅವನಿಗೆ ಯಾವ ಲಾಭವೂ ಇಲ್ಲ, ಬರೀ ನಷ್ಟ. ಕ್ಯಾನ್ಸರ್ ಹುಡುಗಿಗೆ, ಅದರಲ್ಲೂ ಕಾಯಿಲೆ ಮರಳುವ ಭಯ ಜಾಸ್ತಿ ಇದ್ದರೆ, ಎರಡು ಮೂರು ತಿಂಗಳಿಗೇ ಡೋಸ್ ಇಳಿಸತೊಡಗುತ್ತಾರೆ. ಅವಳ ಕೈಮೇಲೆ ಸಣ್ಣಗೆ ಕೆಂಪು ಗುಳ್ಳೆ ಎದ್ದರೆ ವೈದ್ಯರ ಮುಖದಲ್ಲಿ ಪೂರ್ತಿ ಆತಂಕವೂ ಇರುವುದಿಲ್ಲ, ಪೂರ್ತಿ ಸಮಾಧಾನವೂ ಇರುವುದಿಲ್ಲ. ತಾಯಿಗೆ ಇದನ್ನು ವಿವರಿಸುವುದಿದೆಯಲ್ಲ, ಅದು ಎಲ್ಲಕ್ಕಿಂತ ಕಷ್ಟ. ಪಕ್ಕದ ಕೋಣೆಯ ಹುಡುಗನಿಗೆ ಅದೇ ಗುಳ್ಳೆ ಬಂದಾಗ ಓಡಿಬಂದವರು ನನ್ನ ಮಗಳಿಗೆ ‘ನೋಡೋಣ’ ಅನ್ನುತ್ತಾರಲ್ಲ ಎಂದು ಅವರಿಗೆ ಅನಿಸಿದರೆ ತಪ್ಪೇನು?

ರಕ್ತದಲ್ಲಿ ದಾನಿಯ ಪಾಲೆಷ್ಟು, ಮಗುವಿನ ಹಳೆಯ ಪಾಲೆಷ್ಟು ಎಂದು ತಿಂಗಳಿಗೊಮ್ಮೆ ನೋಡುವ ಕೈಮೆರಿಸಂ ಪರೀಕ್ಷೆಯದೂ ಇದೇ ಕಥೆ. ಹುಡುಗನ ವರದಿಯಲ್ಲಿ ದಾನಿಯದು ಮೂರನೇ ಒಂದು ಭಾಗ ಮಾತ್ರ ಎಂದಿದ್ದು, ತಿಂಗಳಾನುಗಟ್ಟಲೆ ಅಲ್ಲಿಯೇ ನಿಂತರೂ ಚಿಂತೆಯಿಲ್ಲ. ಅಷ್ಟರಿಂದಲೇ ಅವನು ರಕ್ತ ಏರಿಸಿಕೊಳ್ಳದೆ ಬದುಕಬಲ್ಲ. ಹಳೆಯದೂ ಹೊಸದೂ ರಾಜಿಯಾಗಿ ಒಟ್ಟಿಗೆ ಇವೆ ಎಂದು ಅರ್ಥ. ಹುಡುಗಿಯ ವರದಿಯಲ್ಲಿ ಅವಳ ಹಳೆಯ ಕೋಶಗಳು ಏರತೊಡಗಿದರೆ ಗಂಟೆ ಬಾರಿಸಿತೆಂದೇ ಲೆಕ್ಕ. ಕೂಡಲೇ ಸೈಕ್ಲೋಸ್ಪೋರಿನ್ ನಿಲ್ಲಿಸುತ್ತಾರೆ, ಬೇಕಾದರೆ ಅಣ್ಣನನ್ನು ಮತ್ತೆ ಕರೆಸಿ ಅವನ ಲಿಂಫೋಸೈಟು ಕೊಡುತ್ತಾರೆ.

ಇಷ್ಟು ಗೊತ್ತಾದ ಮೇಲೆ ನಮ್ಮ ಹೆರಿಗೆ ಆಸ್ಪತ್ರೆಗಳಲ್ಲಿ ಬಸುರಿಯರ ಕೈಗೆ ಬರುವ ಬಣ್ಣಬಣ್ಣದ ಕರಪತ್ರಗಳನ್ನು ಇನ್ನೊಮ್ಮೆ ಓದಬೇಕು. ಮಗುವಿನ ಹೊಕ್ಕುಳಬಳ್ಳಿಯ ರಕ್ತವನ್ನು ಅದರದೇ ಭವಿಷ್ಯಕ್ಕೆ ಕಾಪಿಡಿ, ಲ್ಯುಕೇಮಿಯಾ, ತಲಸ್ಸೀಮಿಯಾ ಬಂದರೆ ರಕ್ಷೆ ಎನ್ನುವ ಕರಪತ್ರಗಳು. ಮುಂದೆ ತಲಸ್ಸೀಮಿಯಾ ಬರುವ ಮಗುವಿನ ಬಳ್ಳಿಯ ರಕ್ತದಲ್ಲೂ ಅದೇ ದೋಷವಿದೆ. ಲ್ಯುಕೇಮಿಯಾ ಬಂದರೆ, ಎಷ್ಟೋ ಮಕ್ಕಳಲ್ಲಿ ಅದರ ಮೊದಲ ವಂಶವಾಹಿ ತಪ್ಪು ಗರ್ಭದಲ್ಲೇ ಆಗಿರುತ್ತದೆ, ಆ ಕೋಶಗಳು ಬ್ಯಾಂಕಿನ ಚೀಲದಲ್ಲೂ ಕೂತಿರಬಹುದು. ಅವು ಇಲ್ಲದಿದ್ದರೂ ತನ್ನದೇ ರಕ್ತ ತನ್ನದೇ ಕ್ಯಾನ್ಸರಿನ ಮೇಲೆ ಜಗಳ ತೆಗೆಯುವುದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಸ್ಟೆಮ್ ಸೆಲ್ ಮಾರ್ಗಸೂಚಿ, ಸ್ವಂತ ಬಳಕೆಗೆಂದು ಹೀಗೆ ಕಾಪಿಡುವುದಕ್ಕೆ ವೈಜ್ಞಾನಿಕ ಆಧಾರವಿಲ್ಲ ಎಂದೇ ಹೇಳಿದೆ. ಸಾರ್ವಜನಿಕ ಬ್ಯಾಂಕಿಗೆ ದಾನ ಕೊಡುವುದು ಬೇರೆ ಮಾತು. 1988ರಲ್ಲಿ ಪ್ಯಾರಿಸ್‌ನಲ್ಲಿ ಎಲಿಯಾನ್ ಗ್ಲುಕ್‌ಮನ್ ಮಾಡಿದ ಮೊದಲ ಬಳ್ಳಿರಕ್ತದ ಕಸಿಯಲ್ಲೂ ರಕ್ತ ತಂಗಿಯದಾಗಿತ್ತು, ಕಸಿ ಪಡೆದ ಹುಡುಗನದಲ್ಲ. ಹೆದರಿದ ಅಪ್ಪ ಅಮ್ಮಂದಿರಿಂದ ಕಂತಿನಲ್ಲಿ ಹಣ ಎತ್ತುವ ಈ ವ್ಯಾಪಾರ ನನಗಂತೂ ಸಹಿಸಲಾಗದ್ದು.

ತನ್ನದೇ ಸ್ಟೆಮ್ ಸೆಲ್ ಬಳಸುವ ಕಸಿ ಮಕ್ಕಳಲ್ಲಿ ಇಲ್ಲವೆಂದಲ್ಲ. ಹೊಟ್ಟೆಯಲ್ಲಿ ಗಡ್ಡೆಯಾಗಿ ಕಾಣಿಸಿಕೊಳ್ಳುವ ನ್ಯೂರೋಬ್ಲಾಸ್ಟೋಮಾದ ಅಪಾಯಕಾರಿ ಬಗೆಯಲ್ಲಿ ಮಗುವಿನ ಸ್ಟೆಮ್ ಸೆಲ್ ಮೊದಲೇ ತೆಗೆದಿಟ್ಟು, ಮಜ್ಜೆ ನಾಶವಾಗುವಷ್ಟು ಕೀಮೋ ಕೊಟ್ಟು, ಮತ್ತೆ ಅದನ್ನೇ ಹಿಂದಿರುಗಿಸುತ್ತಾರೆ. ಅಲ್ಲಿ ಚೀಲದ ಕೆಲಸ ಮಜ್ಜೆಯನ್ನು ಮರಳಿ ಕಟ್ಟುವುದಷ್ಟೇ. ಆ ಕಸಿಯಲ್ಲಿ ಇಲ್ಲದ ಜಗಳವನ್ನು ಹೊರಗಿನಿಂದ ತರಬೇಕಾಯಿತು. ಗಡ್ಡೆಯ ಮೇಲಿನ ಜಿಡಿ2 ಎಂಬ ಗುರುತನ್ನು ಹಿಡಿಯುವ ಪ್ರತಿಕಾಯವನ್ನು ಕಸಿಯ ನಂತರ ಕೊಟ್ಟಾಗ ಎರಡು ವರ್ಷಕ್ಕೆ ಕಾಯಿಲೆ ಮರಳದೆ ಉಳಿದವರು ಶೇ 46ರಿಂದ ಶೇ 66ಕ್ಕೆ ಏರಿದರೆಂದು 2010ರಲ್ಲಿ ಪ್ರಕಟವಾಯಿತು. ಆ ಔಷಧಿಯ ಬೆಲೆ ನಮ್ಮಲ್ಲಿನ ಹೆಚ್ಚಿನ ಮನೆಗಳಿಗೆ ಎಟುಕುವುದಲ್ಲ.

ಎಟುಕುವ ಮಾತು ಬಂತು. ನಮ್ಮಂಥ ದೇಶಗಳಲ್ಲಿ ಕಸಿಯ ಬಾಗಿಲು ಅಗಲವಾದದ್ದು ಹಳೆಯ, ಅಗ್ಗದ ಔಷಧಿಯೊಂದರಿಂದ. ಅರ್ಧವೇ ಹೊಂದುವ ಅಪ್ಪ ಅಥವಾ ಅಮ್ಮನ ಮಜ್ಜೆ ಕೊಟ್ಟರೆ ಮೊದಲು ಜಿವಿಎಚ್‌ಡಿ ಕೈಮೀರುತ್ತಿತ್ತು. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನವರು ಕಸಿಯಾದ ಮೂರನೇ, ನಾಲ್ಕನೇ ದಿನ ಸೈಕ್ಲೋಫಾಸ್ಫಮೈಡ್ ಕೊಟ್ಟರು. ಅಷ್ಟರಲ್ಲಿ ಹೊಸ ಟಿ ಕೋಶಗಳಲ್ಲಿ ಜಗಳಕ್ಕೆ ನಿಂತವು ಮಾತ್ರ ರಭಸದಿಂದ ಇಬ್ಭಾಗವಾಗುತ್ತಿರುತ್ತವೆ, ಔಷಧಿಗೆ ಅವೇ ಮೊದಲು ಬಲಿ. ಸುಮ್ಮನಿದ್ದವು ಉಳಿಯುತ್ತವೆ. ಸ್ಟೆಮ್ ಸೆಲ್‌ಗಳೊಳಗೆ ಈ ಔಷಧಿಯನ್ನು ನಿಷ್ಕ್ರಿಯಗೊಳಿಸುವ ಕಿಣ್ವ ಧಾರಾಳವಾಗಿದೆ, ಹಾಗಾಗಿ ಅವಕ್ಕೆ ಏನೂ ಆಗುವುದಿಲ್ಲ. ಟಿ ಕೋಶ ಸೋಸುವ ಕೋಟಿಯ ಯಂತ್ರವಿಲ್ಲದೆ ಎರಡು ದಿನದ ಡ್ರಿಪ್ಪಿನಲ್ಲಿ ಮುಗಿಯುವ ಕೆಲಸ. ಇದರಿಂದ ಒಡಹುಟ್ಟಿದವರು ಹೊಂದದ ಮಗುವಿಗೂ ಮನೆಯಲ್ಲೇ ದಾನಿ ಸಿಗುವಂತಾಯಿತು. ಖರ್ಚು ಇಷ್ಟಾದರೂ ಹತ್ತು ಲಕ್ಷ ದಾಟುತ್ತದೆ, ಅರ್ಧ ಹೊಂದಿಕೆಯ ಕಸಿಗೆ ಇನ್ನೂ ಹೆಚ್ಚು. ತಲಸ್ಸೀಮಿಯಾಕ್ಕೆ ಕೋಲ್ ಇಂಡಿಯಾದ ಯೋಜನೆಯಿಂದ 10 ಲಕ್ಷದ ತನಕ ನೆರವಿದೆ. ಕ್ಯಾನ್ಸರ್ ಮಗುವಿನ ಅಪ್ಪ ಮುಖ್ಯಮಂತ್ರಿ ಪರಿಹಾರ ನಿಧಿ, ಪ್ರಧಾನಿ ನಿಧಿ, ಟ್ರಸ್ಟು, ಎಂಎಲ್‌ಎ ಪತ್ರ ಎಂದು ಫೈಲು ಹಿಡಿದು ಅಲೆಯಬೇಕು. ಅಷ್ಟು ದಿನ ಮಾಲೀಕ ಕೆಲಸ ಇಟ್ಟುಕೊಂಡರೆ ಪುಣ್ಯ.

ಇಷ್ಟೆಲ್ಲ ಓದಿ, ರಕ್ತ ಕ್ಯಾನ್ಸರ್ ಬಂದ ಪ್ರತಿ ಮಗುವಿಗೂ ಕಸಿ ಬೇಕೆಂದು ತಿಳಿಯಬೇಡಿ. ಮಕ್ಕಳಲ್ಲಿ ಹೆಚ್ಚಾಗಿ ಬರುವ ಎಎಲ್‌ಎಲ್ ಬಗೆ ಮುಂದುವರಿದ ದೇಶಗಳಲ್ಲಿ ಹತ್ತರಲ್ಲಿ ಒಂಬತ್ತು ಮಕ್ಕಳಿಗೆ ಕೀಮೋದಿಂದಲೇ ವಾಸಿಯಾಗುತ್ತದೆ. ಕಸಿ ಇರುವುದು ಕಾಯಿಲೆ ಬೇಗ ಮರಳಿದವರಿಗೆ, ಕೀಮೋಗೆ ಬಗ್ಗದವರಿಗೆ. ಅವರಿಗೂ ಇಡೀ ಮೈಗೆ ವಿಕಿರಣ ಬೇಕೇ, ಔಷಧಿಯೇ ಸಾಕೇ ಎಂಬ ಪ್ರಶ್ನೆಗೆ 2021ರಲ್ಲಿ ಫೋರಂ ಎಂಬ ಬಹುದೇಶಗಳ ಅಧ್ಯಯನ ಉತ್ತರ ಕೊಟ್ಟಿತು. ನಾಲ್ಕು ವರ್ಷ ದಾಟಿದ ಮಕ್ಕಳಲ್ಲಿ ಎರಡು ವರ್ಷಕ್ಕೆ ಬದುಕುಳಿದವರು ವಿಕಿರಣದ ಗುಂಪಿನಲ್ಲಿ ಶೇ 91, ಬರೀ ಔಷಧಿಯ ಗುಂಪಿನಲ್ಲಿ ಶೇ 75. ವಿಕಿರಣದ ಬೆಲೆಯೂ ಇದೆ: ಎತ್ತರ ಕುಂಠಿತ, ಥೈರಾಯ್ಡ್ ತೊಂದರೆ, ಮುಂದೆ ಮಕ್ಕಳಾಗದಿರುವ ಸಾಧ್ಯತೆ. ಆರು ವರ್ಷದ ಮಗುವಿನ ಪರವಾಗಿ ಆ ಸಹಿ ಹಾಕುವವರು ಅಪ್ಪ ಅಮ್ಮ.

ಈಗ ಜಗಳ ಹಚ್ಚುವ ವಿದ್ಯೆಯೇ ಬೇರೆ ದಾರಿ ಹಿಡಿದಿದೆ. 2012ರಲ್ಲಿ ಫಿಲಡೆಲ್ಫಿಯಾದಲ್ಲಿ ಆರು ವರ್ಷದ ಎಮಿಲಿ ವೈಟ್‌ಹೆಡ್‌ಳದೇ ಟಿ ಕೋಶಗಳನ್ನು ತೆಗೆದು, ಲ್ಯುಕೇಮಿಯಾದ ಗುರುತು ಹಿಡಿಯುವಂತೆ ವಂಶವಾಹಿ ಬದಲಿಸಿ ಹಿಂದಿರುಗಿಸಿದರು. ಕಾರ್-ಟಿ ಚಿಕಿತ್ಸೆ ಪಡೆದ ಮೊದಲ ಮಗು ಅವಳು. ಆ ಕೋಶಗಳು ಎಷ್ಟು ರಭಸದಿಂದ ಕೆಲಸಕ್ಕೆ ಬಿದ್ದವೆಂದರೆ ಜ್ವರವೇರಿ ಅವಳು ಸಾವಿನ ಅಂಚಿಗೆ ಹೋದಳು. ರಕ್ತದಲ್ಲಿ ಐಎಲ್-6 ಎಂಬ ಸಂದೇಶವಾಹಕ ವಿಪರೀತ ಏರಿತ್ತು. ಸಂಶೋಧಕ ಕಾರ್ಲ್ ಜೂನ್ ಅವರ ಮಗಳಿಗೆ ಸಂಧಿವಾತವಿದ್ದುದರಿಂದ ಐಎಲ್-6 ತಡೆಯುವ ಟೊಸಿಲಿಜುಮಾಬ್ ಎಂಬ ಔಷಧಿ ಅವರಿಗೆ ಗೊತ್ತಿತ್ತು. ಅದನ್ನು ಕೊಟ್ಟ ಮೇಲೆ ಮಗು ಉಳಿಯಿತು. ಭಾರತದಲ್ಲಿ ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್‌ನಲ್ಲಿ ಬೆಳೆದ ನೆಕ್ಸ್‌ಕಾರ್19 ಎಂಬ ಕಾರ್-ಟಿ ಚಿಕಿತ್ಸೆಗೆ 2023ರ ಅಕ್ಟೋಬರಿನಲ್ಲಿ ಅನುಮತಿ ಸಿಕ್ಕಿತು; ಬೆಂಗಳೂರಿನ ಇಮ್ಯುನೀಲ್ ಕಂಪನಿಯ ಕಾರ್ಟೆಮಿ 2025ರಲ್ಲಿ ಬಂತು. ಮೊದಲನೆಯದಕ್ಕೆ ಅನುಮತಿ ಸಿಕ್ಕಾಗ ವಯಸ್ಸಿನ ಮಿತಿ 15 ವರ್ಷ ಮೇಲ್ಪಟ್ಟು, ಎರಡನೆಯದು ದೊಡ್ಡವರ ಲಿಂಫೋಮಾಕ್ಕೆ. ಅಮೆರಿಕದ ಬೆಲೆಗೆ ಹೋಲಿಸಿದರೆ ಬಹಳ ಕಡಿಮೆಯಾದರೂ ಅವು ಬಂದಾಗ ಖರ್ಚು ನಲವತ್ತು ಲಕ್ಷದ ಆಸುಪಾಸಿನಲ್ಲಿತ್ತು. ಪೀಣ್ಯದ ಲೇತ್ ಆಪರೇಟರನಿಗೆ ಕೋಟಿಗೂ ನಲವತ್ತು ಲಕ್ಷಕ್ಕೂ ಏನು ವ್ಯತ್ಯಾಸ?

ಆ ಎರಡು ಕೋಣೆಗಳ ಮಕ್ಕಳು ಮನೆಗೆ ಹೋಗುವಾಗ ಅವರ ಪಾಡು ಮತ್ತೆ ಒಂದೇ ಆಗುತ್ತದೆ. ಡೇ ನೂರರ ತನಕ ಆಸ್ಪತ್ರೆಯ ಹತ್ತಿರವೇ ಬಾಡಿಗೆ ಮನೆ, ವಾರಕ್ಕೆರಡು ಸಲ ರಕ್ತ ಪರೀಕ್ಷೆ. ದೇಹದಲ್ಲಿ ಸುಮ್ಮನೆ ಮಲಗಿದ್ದ ಸಿಎಂವಿಯಂಥ ವೈರಸ್‌ಗಳು ಏಳುತ್ತವೆಯೇ ಎಂಬ ಕಾವಲು. ರಕ್ತದ ಗುಂಪು ದಾನಿಯದಕ್ಕೆ ಬದಲಾಗಿರಬಹುದು. ಶಾಲೆಯ ಐಡಿ ಕಾರ್ಡಿನಲ್ಲಿ ‘ಬಿ’ ಇದ್ದದ್ದನ್ನು ‘ಒ’ ಎಂದು ತಿದ್ದಿಸಬೇಕು. ಟಿ ಕೋಶಗಳಿಗೆ ಪಾಠ ಹೇಳುವ ಥೈಮಸ್ ಗ್ರಂಥಿ ಮಕ್ಕಳಲ್ಲಿ ಇನ್ನೂ ಚುರುಕಾಗಿರುವುದರಿಂದ ದೊಡ್ಡವರಿಗಿಂತ ಅವರ ರೋಗನಿರೋಧಕ ಶಕ್ತಿ ಬೇಗ ಮರಳುತ್ತದೆ, ಬೇಗವೆಂದರೂ ವರ್ಷದ ಮಾತು.

ಮತ್ತು ಹುಟ್ಟಿದಾಗಿನಿಂದ ಹಾಕಿಸಿದ್ದ ಲಸಿಕೆಗಳ ನೆನಪು ಹಳೆಯ ಮಜ್ಜೆಯ ಜೊತೆ ಹೋಗಿರುತ್ತದೆ. ಎಲ್ಲವನ್ನೂ ಮೊದಲಿನಿಂದ ಹಾಕಿಸಬೇಕು. ಆರು ತಿಂಗಳಿಂದ ವರ್ಷದೊಳಗೆ ಧನುರ್ವಾಯು, ನಾಯಿಕೆಮ್ಮು, ಗಂಟಲಮಾರಿ, ಹೆಪಟೈಟಿಸ್-ಬಿ, ಪೋಲಿಯೊದ ಚುಚ್ಚುಮದ್ದು, ನ್ಯುಮೋಕಾಕಸ್ ಶುರು. ಪೋಲಿಯೊದ ಹನಿ ಮಾತ್ರ ಕೂಡದು, ಅದು ಜೀವಂತ ವೈರಸ್. ಮನೆಯ ಬೇರೆ ಮಕ್ಕಳಿಗೂ ಆ ಹನಿ ಹಾಕಿಸುವ ಮೊದಲು ಕಸಿ ವೈದ್ಯರನ್ನು ಕೇಳಬೇಕು. ದಡಾರ, ಮಂಗನಬಾವು, ರುಬೆಲ್ಲಾದ ಲಸಿಕೆಗೆ ಎರಡು ವರ್ಷ ಕಾಯಬೇಕು. ಅಷ್ಟರಲ್ಲಿ ಸೈಕ್ಲೋಸ್ಪೋರಿನ್ ಪೂರ್ತಿ ನಿಂತಿರಬೇಕು, ಜಿವಿಎಚ್‌ಡಿಯ ಸುಳಿವಿರಬಾರದು. ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಗುರುವಾರದ ಲಸಿಕೆ ಸಾಲಿನಲ್ಲಿ, ಕಂಕುಳ ಕೂಸುಗಳ ನಡುವೆ ಒಂಬತ್ತು ವರ್ಷದ ಹುಡುಗಿ ನಿಂತರೆ ಸಿಸ್ಟರ್ ತಾಯಿ ಕಾರ್ಡ್ ನೋಡಿ, ‘ಇವಳಿಗೆ ಎಲ್ಲಾ ಹಾಕಿಸಿ ಆಗಿದೆಯಲ್ಲಮ್ಮಾ’ ಅನ್ನುತ್ತಾರೆ. ಅದಕ್ಕೇ ಡಿಸ್ಚಾರ್ಜ್ ಫೈಲಿನ ಕೊನೆಯಲ್ಲಿ ಲಸಿಕೆಯ ಹೊಸ ಪಟ್ಟಿಯೊಂದನ್ನು ಸೇರಿಸಿ ಕೊಡುತ್ತಾರೆ. ಅದನ್ನು ಲ್ಯಾಮಿನೇಟ್ ಮಾಡಿಸಿ ಇಟ್ಟುಕೊಳ್ಳುವುದು ಒಳ್ಳೆಯದು, ಎರಡು ವರ್ಷಕ್ಕೂ ಮಿಕ್ಕಿ ಬೇಕಾಗುತ್ತದೆ.